ಮೊದಲು ಹಾಳೆ ಕೆಡಿಸು

ಮೂರು ತಿಂಗಳಿಂದ ಕುಂಚ ಮುಟ್ಟಿಲ್ಲ, ಆರ್ಟ್ ಬ್ಲಾಕ್ ಅಂತೀಯ. ನಿನ್ನ ಮೇಜಿನ ಮೇಲೆ ಆ ದಪ್ಪನೆಯ ದುಬಾರಿ ಹಾಳೆ ಹರವಿಟ್ಟಿದ್ದನ್ನು ನೋಡಿದೆ. ಅದನ್ನು ಎತ್ತಿಡು ಮಗಳೆ. ಒಂದು ಹಾಳೆಗೆ ಇಷ್ಟು ರೂಪಾಯಿ ಎಂಬ ಲೆಕ್ಕ ತಲೆಯಲ್ಲಿದ್ದರೆ ಕೈ ಮರಗಟ್ಟದೆ ಇನ್ನೇನಾಗುತ್ತೆ?

ನನಗೂ ಹೀಗಾಗಿತ್ತು. ಪ್ರದರ್ಶನಕ್ಕೆ ಹತ್ತು ಚಿತ್ರ ಒಪ್ಪಿಕೊಂಡು, ಎರಡು ಮುಗಿಸುವಷ್ಟರಲ್ಲಿ ಕೂತುಬಿಟ್ಟೆ. ಗೆರೆ ಎಳೆದರೆ ಸಾಕು, ಯಾರೋ ಹಿಂದೆ ನಿಂತು ನೋಡುತ್ತಿದ್ದಾರೆ ಅನ್ನಿಸುತ್ತಿತ್ತು. ಒಂದು ಬೆಳಿಗ್ಗೆ ಹಳೇ ಲೆಕ್ಕದ ಪುಸ್ತಕ, ಬಾಲ್ ಪೆನ್ ಹಿಡಿದು ಕೆ.ಆರ್. ಮಾರ್ಕೆಟ್‌ಗೆ ಹೋದೆ. ಹೂ ಕಟ್ಟುವ ಹೆಂಗಸೊಬ್ಬಳ ಎದುರು ಕೂತು, ಕಣ್ಣನ್ನು ಅವಳ ಕೈ ಮೇಲೇ ನೆಟ್ಟು, ಹಾಳೆ ಕಡೆ ತಿರುಗದೆ ಗೀಚಿದೆ. ಪೆನ್ನು ಎತ್ತಲೂ ಇಲ್ಲ. ಮುಗಿಸಿ ನೋಡಿದರೆ ಕೈಗೆ ಏಳು ಬೆರಳು, ಹೆಬ್ಬೆರಳು ಮೊಣಕೈ ಹತ್ತಿರ! ಆದರೆ ದಾರ ಸುತ್ತಿ ಗಂಟು ಬಿಗಿಯುವಾಗಿನ ಆ ಜಗ್ಗು ಇತ್ತಲ್ಲ, ಅದು ಗೆರೆಯಲ್ಲಿ ಬಂದಿತ್ತು. ಜೋರಾಗಿ ನಕ್ಕೆ. ಅವಳೂ ಇಣುಕಿ ನೋಡಿ ನಕ್ಕಳು. ತುಂಬಾ ದಿನದ ಮೇಲೆ ಚಿತ್ರ ಬರೆದು ನಕ್ಕಿದ್ದೆ.

ರವೀಂದ್ರನಾಥ ಟಾಗೋರರನ್ನೇ ನೋಡು. 'ಪೂರಬಿ' ಕವನ ಸಂಕಲನದ ಹಸ್ತಪ್ರತಿಯಲ್ಲಿ ಬೇಡದ ಸಾಲು ಹೊಡೆದುಹಾಕುತ್ತಾ, ಆ ಕಾಟುಗಳನ್ನೇ ಒಂದಕ್ಕೊಂದು ಸೇರಿಸುತ್ತಾ ಹೋದರು. ಕೊಕ್ಕು, ಬಾಲ, ವಿಚಿತ್ರ ಮೋರೆಗಳು ಎದ್ದುಬಂದವು. ಆಗ ಅವರಿಗೆ ಅರವತ್ತು ದಾಟಿತ್ತು. 1930ರಲ್ಲಿ ಪ್ಯಾರಿಸ್‌ನಲ್ಲಿ ಅವರ ಚಿತ್ರಗಳ ಪ್ರದರ್ಶನವೇ ಆಯಿತು. ನಮ್ಮ ಉಡುಪಿ ಕಡೆಯ ಚಿತ್ರಕಾರ ಕೆ.ಕೆ. ಹೆಬ್ಬಾರರು ಲಯ ಹಿಡಿಯಬೇಕೆಂದು ಕಥಕ್ ಕಲಿತವರು. ಅವರ ನರ್ತಕಿಯರ ರೇಖಾಚಿತ್ರ ಹುಡುಕಿ ನೋಡು: ನಾಲ್ಕೈದು ಗೆರೆ, ಮೈಯೆಲ್ಲ ಕುಣಿತ. ಅಂಥ ಗೆರೆ ಬೆರಳಿಂದ ಬರುವುದಲ್ಲ, ಭುಜದಿಂದ ಬರಬೇಕು. ಅದಕ್ಕೇ ನಿಂತು ಬರಿ, ಹಳೇ ಪತ್ರಿಕೆಯ ಮೇಲೆ, ಇದ್ದಿಲಿನಲ್ಲಿ. ಒಂದು ಭಂಗಿಗೆ ಅರ್ಧ ನಿಮಿಷ, ಸಾಕು. ಎಡಗೈಯಲ್ಲೂ ಗೀಚು. ಚೆಲ್ಲಿದ ಕಾಫಿ ಕಲೆಗೆ ಕೊಂಬು ಹಚ್ಚಿ ಎಮ್ಮೆ ಮಾಡು.

ಗೀಚಿದ್ದನ್ನು ಮೊಬೈಲ್‌ನಲ್ಲಿ ಯಾರಿಗೂ ಹಾಕಬೇಡ. ಇದೊಂದರಲ್ಲಿ ನಾನು ಹಟಮಾರಿ. ಲೈಕ್ ಎಣಿಸತೊಡಗಿದೆಯೋ, ಹಿಂದೆ ನಿಂತು ನೋಡುವವರು ಮತ್ತೆ ಬಂದರು ಅಂತಲೇ ಲೆಕ್ಕ.

ಭಾನುವಾರ ಬೆಳಿಗ್ಗೆ ಆರಕ್ಕೆ ಮಾರ್ಕೆಟ್ ಹತ್ತಿರ ಸಿಗು. ರಬ್ಬರ್ ತಂದರೆ ತಿಂಡಿ, ಕಾಫಿ ಎರಡೂ ನಿನ್ನ ಖರ್ಚು.