ಉಡುಗೊರೆಯ ಜಾಲರಿಬಟ್ಟೆ

ಗೃಹಪ್ರವೇಶಕ್ಕೆ ಕರೆದವರ ಮನೆಗೆ ಮತ್ತೊಂದು ಸ್ಟೀಲು ಡಬ್ಬಿಯನ್ನು ಹೊತ್ತೊಯ್ಯುವ ಬದಲು, ಕೈಯಾರೆ ಹೆಣೆದ ಪಾತ್ರೆ ಒರೆಸುವ ಬಟ್ಟೆಯೊಂದನ್ನು ಕೊಡಬೇಕೆಂಬ ಸದಭಿಲಾಷೆ ನಿಮ್ಮಲ್ಲಿ ಮೂಡಿದ್ದರೆ, ಮೊದಲು ಉಣ್ಣೆಯ ವ್ಯಾಮೋಹವನ್ನು ತ್ಯಜಿಸಿರಿ. ಉಣ್ಣೆಯೆಂಬ ಹೆಸರಿನಲ್ಲಿ ಅಂಗಡಿಗಳಲ್ಲಿ ದೊರೆಯುವ ಅಕ್ರಿಲಿಕ್ ನೂಲು ನೀರನ್ನು ಸರಿಯಾಗಿ ಹೀರದು, ಕಾದ ಪಾತ್ರೆಗೆ ತಗುಲಿದರೆ ಕರಗುವುದೂ ಉಂಟು. ಹತ್ತಿಯ ಗಿರಣಿಗಳಿಂದಲೇ ಹೆಸರಾದ ದಾವಣಗೆರೆ ನಮಗೆ ಸಮೀಪವಿರುವಾಗ ಹತ್ತಿನೂಲನ್ನು ಬಿಟ್ಟು ಬೇರೆಯದನ್ನು ಅರಸುವುದೇಕೆ?

4 ಮಿಲಿಮೀಟರಿನ ಕಡ್ಡಿಯ ಮೇಲೆ ದಪ್ಪನೂಲಿನ 36 ಕುಣಿಕೆಗಳನ್ನೇರಿಸಿದರೆ ಸುಮಾರು 8 ಅಂಗುಲದ ಅಗಲ ದೊರೆಯುತ್ತದೆ. ಕಡ್ಡಿಗೆ ನೂಲನ್ನೊಮ್ಮೆ ಸುತ್ತಿ ರಂಧ್ರವೊಂದನ್ನು ಸೃಷ್ಟಿಸಿದೊಡನೆಯೇ ಮುಂದಿನ ಎರಡು ಕುಣಿಕೆಗಳನ್ನು ಕೂಡಿಸಿ ಒಂದಾಗಿ ಹೆಣೆಯತಕ್ಕದ್ದು. ಇದನ್ನು ಮರೆತ ಕಾರಣ ಸಾಲುಸಾಲಿಗೂ ಅಗಲವಾಗುತ್ತ ಹೋದ ನನ್ನ ಮೊದಲ ಬಟ್ಟೆ ಕಡೆಗೆ ಬೀಸಣಿಗೆಯ ಆಕಾರವನ್ನು ತಾಳಿತು. ಎರಡೂ ಅಂಚುಗಳಲ್ಲಿ ನಾಲ್ಕು ನಾಲ್ಕು ಕುಣಿಕೆಗಳನ್ನು ರಂಧ್ರವಿಲ್ಲದೆ ಬಿಗಿಯಾಗಿರಿಸಿ. ನಡುವಿನ ರಂಧ್ರಗಳೂ ಬೆರಳು ಸಿಕ್ಕುವಷ್ಟು ದೊಡ್ಡವಾಗದಿರಲಿ.

ಬಣ್ಣವನ್ನೂ ಹೆಣಿಗೆಯನ್ನೂ ಆರಿಸುವಾಗ ಪಡೆಯುವವರ ಊರನ್ನು ನೆನೆಯುವುದು ಯುಕ್ತ. ಅಡಿಕೆ ಬೇಯಿಸುವ ಚನ್ನಗಿರಿಯ ಮನೆಗೆ ಶುಭ್ರಶ್ವೇತವನ್ನು ಕೊಟ್ಟರೆ, ಚೊಗರಿನ ಕಲೆ ಬಿಟ್ಟುಹೋಗುವ ಮಾತೇ ಇಲ್ಲ. ಕೊಳವೆಬಾವಿಯ ಗಡಸು ನೀರನ್ನು ನೆಚ್ಚಿದ ಜಗಳೂರಿನ ಕಡೆಗಾದರೆ ಸಾಬೂನು ಬೇಗ ಬಿಟ್ಟುಹೋಗುವ ಸಡಿಲ ಹೆಣಿಗೆಯೇ ಲೇಸು. ನ್ಯಾಮತಿಯ ತಾಂಡಾಗಳ ಲಂಬಾಣಿ ಕಸೂತಿಯಲ್ಲಿ ಮಿನುಗುವ ಕನ್ನಡಿಬಿಲ್ಲೆಗಳು ಎಷ್ಟೇ ಮನೋಹರವಾದರೂ ಇಲ್ಲಿ ಸಲ್ಲವು.

ಹೊನ್ನಾಳಿಯಲ್ಲಿರುವ ನಮ್ಮ ಅತ್ತಿಗೆ ನಾನಿತ್ತ ಬಟ್ಟೆಯನ್ನು ತಿರುಗಿಸಿ ಮುರುಗಿಸಿ ನೋಡಿ, “ಇದ್ರಲ್ಲಿ ಪಾತ್ರೆ ಒರ್ಸಕ್ಕೆ ಮನಸ್ಸು ಬರಲ್ಲ ಕಣಮ್ಮ” ಎಂದು ದೇವರ ಮಣೆಯ ಮೇಲೆ ಹಾಸಿಬಿಟ್ಟರು. ಅಂದಿನಿಂದ ನಾನು ಎರಡೆರಡನ್ನು ಹೆಣೆದು ಕೊಡುತ್ತೇನೆ.