ಬಾಡಿಗೆಯ ಮೇಲ್ವಿಚಾರಣೆ: ಸ್ವಂತವೋ, ಪರಾಧೀನವೋ?

ಮಾಣಿ–ಮೈಸೂರು ಹೆದ್ದಾರಿಯಿಂದ ವಿಟ್ಲದ ದಾರಿ ಕವಲೊಡೆಯುವ ಸ್ಥಳವೇ ಕಬಕ. ಇಂತಹ ಕೂಡುರಸ್ತೆಗಳಲ್ಲಿ ಅಂಗಡಿ ಕೋಣೆಗಳನ್ನು ಕಟ್ಟಿಸಿ ಬಾಡಿಗೆಗೆ ಕೊಡುವುದು ಹಲವು ಕುಟುಂಬಗಳಿಗೆ ಒಂದು ಆದಾಯಮಾರ್ಗ. ಮಕ್ಕಳು ಬೆಂಗಳೂರು, ಮುಂಬಯಿ, ಕೊಲ್ಲಿ ದೇಶಗಳನ್ನು ಸೇರಿದ ಮೇಲೆ ಮನೆಯಲ್ಲಿ ಒಂದು ಪ್ರಶ್ನೆ ಏಳುತ್ತದೆ. ಬಾಡಿಗೆಯ ವಸೂಲಿಯನ್ನು ಕಮಿಷನ್ ಪಡೆಯುವ ಮೇಲ್ವಿಚಾರಕನಲ್ಲಿ ಬಿಡುವುದೋ, ಮನೆಯವರೇ ವಹಿಸಿಕೊಳ್ಳುವುದೋ?

ಮೊದಲು ಲೆಕ್ಕವನ್ನು ನೋಡೋಣ. ತಿಂಗಳಿಗೆ 5,000 ರೂಪಾಯಿಯ ಆರು ಕೋಣೆಗಳಿವೆಯೆಂದು ಭಾವಿಸಿದರೆ ವರ್ಷದ ಬಾಡಿಗೆ 3,60,000. ಕಮಿಷನ್ ಹತ್ತನೆಯ ಒಂದು ಪಾಲಾದರೆ 36,000. ಇದೆಲ್ಲವೂ ಉಳಿತಾಯವೆಂದು ತಿಳಿಯುವುದು ತಪ್ಪು. ದೂರದಲ್ಲಿರುವ ಮಗನು ನಾಲ್ಕು ಸಲ ಬಂದುಹೋಗಲು 12,000 ವೆಚ್ಚವಾಗಿ, ಹೊಸ ಬಾಡಿಗೆದಾರನು ಸಿಗದೆ ಒಂದು ಕೋಣೆ ಎರಡು ತಿಂಗಳು ಬರಿದಾಗಿ 10,000 ಹೋದರೆ, ಉಳಿಯುವುದು 14,000. ಅಂದರೆ ತಿಂಗಳಿಗೆ 1,200ಕ್ಕೂ ಕಡಿಮೆ. ಅಷ್ಟಕ್ಕೆ ವರ್ಷವಿಡೀ ದುಡಿಯಲು ಮನೆಯಲ್ಲಿ ಯಾರಿದ್ದಾರೆ ಎಂಬುದೇ ನಿಜವಾದ ಪ್ರಶ್ನೆ.

ಆದಾಯ ತೆರಿಗೆಯ ಮಾತೂ ಇದೆ. ಕಟ್ಟಡದ ಬಾಡಿಗೆಯಲ್ಲಿ ಸ್ಥಳೀಯ ತೆರಿಗೆ ಕಳೆದು ಉಳಿದುದರ ಶೇಕಡಾ 30ನ್ನು ಕಾನೂನು ಒಟ್ಟಾಗಿ ಬಿಡುತ್ತದೆ. ಕಮಿಷನ್ನಿಗೆಂದು ಬೇರೆ ವಿನಾಯಿತಿ ಇಲ್ಲ.

ಇನ್ನು ಹೊಣೆಗಾರಿಕೆ. ಅಧಿಕಾರ ಪಡೆದ ಮೇಲ್ವಿಚಾರಕನ ಕೈಗೆ ಕೊಟ್ಟ ಬಾಡಿಗೆಯು, 1872ರ ಕರಾರು ಕಾಯಿದೆಯಂತೆ, ಒಡೆಯನಿಗೇ ಸಂದಂತೆ. ಅವನು ಅದನ್ನು ನುಂಗಿದರೆ ಬಾಡಿಗೆದಾರನನ್ನು ಮತ್ತೆ ಕೇಳುವಂತಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯಿದೆಯಂತೆ, ಬೇರೆ ಕರಾರಿಲ್ಲದಿದ್ದರೆ, ಅಂಗಡಿಯ ಬಾಡಿಗೆ ತಿಂಗಳಿನಿಂದ ತಿಂಗಳಿಗೆ ನಡೆಯುತ್ತದೆ. ಬಿಡಿಸಲು 15 ದಿನಗಳ ನೋಟೀಸು ಬೇಕು. ಒಂದು ವರ್ಷಕ್ಕೆ ಮೀರಿದ ಕರಾರು ನೋಂದಣಿಯಾಗಲೇಬೇಕು. ಈ ಕಾಗದಗಳು ಯಾರ ಪೆಟ್ಟಿಗೆಯಲ್ಲಿವೆ ಎಂಬುದು ಕಮಿಷನ್ನಿಗಿಂತ ದೊಡ್ಡ ವಿಚಾರ.

ನಮ್ಮ ಜಿಲ್ಲೆಗೆ ಈ ಪಾಠ ಹೊಸದಲ್ಲ. ಮೂಲಗೇಣಿ, ಚಾಲಗೇಣಿಗಳ ನಾಡಿದು. 1974ರ ಮಾರ್ಚ್ 1ರಂದು ಗೇಣಿದಾರರ ಕೈಯಲ್ಲಿದ್ದ ಭೂಮಿ ಸರಕಾರದ ವಶವಾಯಿತು. ಅವರು ಭೂನ್ಯಾಯ ಮಂಡಳಿಗೆ ಅರ್ಜಿ ಹಾಕಿ ತಮ್ಮ ಗೇಣಿಯ ಹಕ್ಕನ್ನು ತೋರಿಸಬೇಕಾಯಿತು. ಆಗ ಹಳೆಯ ಗೇಣಿ ರಸೀದಿಗೆ ಎಷ್ಟು ಬೆಲೆ ಬಂದಿತೆಂಬುದನ್ನು ಹಿರಿಯರು ಬಲ್ಲರು. ಅಂಗಡಿಯ ಬಾಡಿಗೆಗೆ ಆ ಕಾಯಿದೆ ಅನ್ವಯಿಸದು. ಆದರೆ ರಸೀದಿಯು ಒಡೆಯನನ್ನೂ ಬಾಡಿಗೆದಾರನನ್ನೂ ಸಮಾನವಾಗಿ ಕಾಯುತ್ತದೆ ಎಂಬ ಮಾತು ಇಲ್ಲಿಯೂ ಸಲ್ಲುತ್ತದೆ.

ಆದುದರಿಂದ, ಊರಿನಲ್ಲಿ ಒಬ್ಬರಾದರೂ ಸಮರ್ಥರಿದ್ದು ಕೋಣೆಗಳು ಕೆಲವೇ ಆದರೆ ಸ್ವತಃ ನೋಡಿಕೊಳ್ಳುವುದು ಲೇಸು. ಇಲ್ಲವಾದರೆ ಓಡಾಟ, ದುರಸ್ತಿಗಳನ್ನು ಇನ್ನೊಬ್ಬರಿಗೆ ವಹಿಸಬಹುದು. ಬಾಡಿಗೆ ಮಾತ್ರ ನೇರವಾಗಿ ಒಡೆಯನ ಬ್ಯಾಂಕು ಖಾತೆಗೆ ಬರಲಿ. ಕರಾರಿಗೆ ಒಡೆಯನೇ ರುಜು ಹಾಕಲಿ. ದುಡಿಮೆಯನ್ನು ಪರರಿಗೆ ಒಪ್ಪಿಸಬಹುದು, ಲೆಕ್ಕವನ್ನು ಒಪ್ಪಿಸಕೂಡದು.

ಓದು ಮುಗಿಸಿ ಊರು ಬಿಡಲಿರುವ ನಾವು, ಹೊರಡುವ ಮೊದಲು ಒಂದು ಸಂಜೆ ತಂದೆತಾಯಿಗಳೊಡನೆ ಕುಳಿತು ಆ ಲೆಕ್ಕದ ಪುಸ್ತಕವನ್ನು ಬಿಡಿಸಿ ನೋಡುವುದು ಉಚಿತ.