ಪುನರುತ್ಥಾನದ ಹಬ್ಬಕ್ಕೆ ಸಿದ್ಧತೆ: ಪೇತ್ರನಿಗೆ ಬಂದ ವಾರ್ತೆ



ಈಸ್ಟರ್ ಹಬ್ಬವು ಸಮೀಪಿಸುತ್ತಲೇ ನಮ್ಮ ಮನೆಗಳಲ್ಲಿ ಗೋಡೆಗೆ ಸುಣ್ಣ ಬಳಿಯುವದೂ ಮಕ್ಕಳಿಗೆ ಬಟ್ಟೆ ಹೊಲಿಸುವದೂ ಮೊದಲಾಗುತ್ತವೆ. ಇವು ತಪ್ಪೆಂದು ನಾವು ಹೇಳುವದಿಲ್ಲ. ಆದರೆ ಆದಿತ್ಯವಾರಗಳನ್ನು ಬಿಟ್ಟು ಎಣಿಸಿದ 40 ದಿನಗಳನ್ನು ಪೂರ್ವದ ಸಭೆಯವರು ನೇಮಿಸಿದ್ದು ಹೃದಯವೆಂಬ ಮನೆಯನ್ನು ಗುಡಿಸುವದಕ್ಕಾಗಿಯೇ. ಅದಕ್ಕೆ ದೇವರ ವಾಕ್ಯಕ್ಕಿಂತ ಒಳ್ಳೆಯ ಪೊರಕೆಯಿಲ್ಲ.

ಕಡೇ ವಾರದಲ್ಲಿ ಮಾರ್ಕನ ಸುವಾರ್ತೆಯನ್ನು ಓದಿರಿ. ಅದರ 16 ಅಧ್ಯಾಯಗಳಲ್ಲಿ 11ನೆಯದು ಮೊದಲುಗೊಂಡು ಎಲ್ಲವೂ ಆ ಒಂದೇ ವಾರದ ಸಂಗತಿಗೆ ಸೇರಿದವು. ಗರಿಗಳ ಆದಿತ್ಯವಾರದಲ್ಲಿ 11, ಸೋಮವಾರ 12, ಮಂಗಳವಾರ 13. 14ನೆಯದು 72 ವಚನಗಳುಳ್ಳದ್ದಾದದರಿಂದ ಅದಕ್ಕೆ ಬುಧವಾರ, ಗುರುವಾರ ಎರಡು ಸಾಯಂಕಾಲಗಳು ಬೇಕು. ಶುಕ್ರವಾರ 15. ಶನಿವಾರ ಏನನ್ನೂ ಓದಬೇಡಿರಿ. ಸಬ್ಬತ್ತು ಕಳೆಯಿತೆಂಬುದನ್ನು ಬಿಟ್ಟು ಆ ದಿನದ ವಿಷಯದಲ್ಲಿ ಮಾರ್ಕನೂ ಮೌನವಾಗಿದ್ದಾನೆ. 16ನೆಯದು ಹಬ್ಬದ ಬೆಳಿಗ್ಗೆಗೆ. ಅಕ್ಷರ ಬಾರದ ಹಿರಿಯರಿದ್ದರೆ ಶಾಲೆಗೆ ಹೋಗುವ ಮಗುವು ಓದಲಿ, ಅವರು ಕೇಳಲಿ. ಕೇಳುವದರಿಂದಲೇ ನಂಬಿಕೆ ಹುಟ್ಟುವದೆಂದು ಪೌಲನು ರೋಮಾಪುರದವರಿಗೆ ಬರೆದನಲ್ಲವೇ?

ಗುರುವಾರದ ಭಾಗದಲ್ಲಿ ಸ್ವಲ್ಪ ನಿಲ್ಲೋಣ. ಪಸ್ಕಹಬ್ಬವು ಹುಣ್ಣಿಮೆಯದು, ಆದರೂ ಯೆರೂಸಲೇಮು ಬೆಟ್ಟದ ಮೇಲಿನ ಪಟ್ಟಣವಾದದರಿಂದ ಆ ರಾತ್ರಿ ಚಳಿಯಿತ್ತು. ಮಹಾಯಾಜಕನ ಅಂಗಳದಲ್ಲಿ ಪೇತ್ರನು ಬೆಂಕಿ ಕಾಯಿಸಿಕೊಳ್ಳುತ್ತಿದ್ದನು. ಅವನನ್ನು ಬೀಳಿಸಿದ್ದು ಕತ್ತಿಯಲ್ಲ, ನ್ಯಾಯಾಧಿಪತಿಯ ಬೆದರಿಕೆಯಲ್ಲ. ಒಬ್ಬ ದಾಸಿಯ ಮಾತು. ಗಲಿಲಾಯದ ನುಡಿಯೇ ಅವನ ಗುಟ್ಟನ್ನು ಹೊರಗೆಡಹಿತೆಂದು ಮತ್ತಾಯನು ತಿಳಿಸುತ್ತಾನೆ. ಮೂರು ಸಾರಿ ಅಲ್ಲಗಳೆದ ಮೇಲೆ ಕೋಳಿ ಕೂಗಿತು, ಅವನು ಅತ್ತನು.

ಈಗಲೂ ವಿಶ್ವಾಸಿಗಳು ಅಧಿಕಾರಿಯ ಮುಂದೆ ಬೀಳುವದು ಅಪರೂಪ. ಮದುವೆಯ ಚಪ್ಪರದಲ್ಲಿ, ಬಾವಿಯ ಕಟ್ಟೆಯ ಬಳಿಯಲ್ಲಿ ನೆಂಟರು ನಕ್ಕು ಕೇಳುವ ಒಂದು ಪ್ರಶ್ನೆ ಸಾಕು, ಮಾತು ಬೇರೆ ಕಡೆಗೆ ತಿರುಗುತ್ತದೆ. ತನ್ನ ಸಭೆಯ ಬಡವನನ್ನು ಸಂತೆಯಲ್ಲಿ ಕಂಡರೂ ಕಾಣದವನಂತೆ ಹೋಗುವದು ಸಹ ಅದೇ ಅಲ್ಲಗಳೆಯುವಿಕೆ. ಅದು ಹೆಚ್ಚು ಕಠಿಣವಾದದ್ದೆಂದೇ ನಮ್ಮ ಎಣಿಕೆ.

ಇನ್ನು ಹಬ್ಬದ ಬೆಳಿಗ್ಗೆಯ ಭಾಗ. ಸಮಾಧಿಯಲ್ಲಿ ಬಿಳಿಯ ನಿಲುವಂಗಿಯವನು ಸ್ತ್ರೀಯರನ್ನು ಶಿಷ್ಯರ ಬಳಿಗೆ ಕಳುಹಿಸುವಾಗ ಪೇತ್ರನ ಹೆಸರನ್ನು ಪ್ರತ್ಯೇಕವಾಗಿ ಹೇಳುತ್ತಾನೆ. ನಾಲ್ಕು ಸುವಾರ್ತೆಗಳಲ್ಲಿ ಮಾರ್ಕನೊಬ್ಬನೇ ಇದನ್ನು ಬರೆದಿಟ್ಟಿದ್ದಾನೆ. ಶಿಷ್ಯರಿಗೆ ಎಂದಷ್ಟೇ ಹೇಳಿದ್ದರೆ, ನಾನು ಇನ್ನು ಆ ಲೆಕ್ಕದಲ್ಲಿಲ್ಲವೆಂದು ಪೇತ್ರನು ದೂರ ನಿಲ್ಲುತ್ತಿದ್ದನೋ ಏನೋ! ಯೋಹಾನನ 21ನೆಯ ಅಧ್ಯಾಯವನ್ನೂ ಇದರೊಂದಿಗೆ ಓದಿರಿ. ಅಲ್ಲಿ ಕೆರೆಯಂಥ ಸಮುದ್ರದ ದಡದಲ್ಲಿ ಕೆಂಡದ ಬೆಂಕಿಯಿದೆ. ಅದಕ್ಕೆ ಯೋಹಾನನು ಬಳಸಿದ ಗ್ರೀಕ್ ಶಬ್ದವು ಹೊಸ ಒಡಂಬಡಿಕೆಯಲ್ಲಿ ಎರಡೇ ಕಡೆ ಬರುತ್ತದೆ. ಮತ್ತೊಂದು ಆ ಅಂಗಳದ ಬೆಂಕಿಯೇ. ಮೂರು ಸಾರಿ ಅಲ್ಲಗಳೆದವನನ್ನು ಕರ್ತನು ಅಲ್ಲಿ ಮೂರು ಸಾರಿ, ನನ್ನ ಮೇಲೆ ಪ್ರೀತಿಯುಂಟೋ ಎಂದು ಕೇಳಿ, ತನ್ನ ಕುರಿಗಳನ್ನು ಅವನ ಕೈಗೊಪ್ಪಿಸಿದನು.

ನಿಮ್ಮ ಸಭೆಯಲ್ಲಿ ನಾಚಿಕೆಯಿಂದಲೋ ಜಗಳದಿಂದಲೋ ಕೆಲವು ತಿಂಗಳುಗಳಿಂದ ಆರಾಧನೆಗೆ ಬಾರದೆ ನಿಂತವರು ಯಾರು? ಶನಿವಾರ ಸಾಯಂಕಾಲ ಓದುವ ಭಾಗವಿಲ್ಲದ ಕಾರಣ ನಿಮಗೆ ಬಿಡುವಿರುತ್ತದೆ. ಆ ಮನೆಗೆ ಹೋಗಿ, ಹೆಸರು ಹಿಡಿದು ಹಬ್ಬಕ್ಕೆ ಕರೆಯಿರಿ.